ಹೊತ್ತು ಗೊತ್ತಿಲ್ಲದ ಕೂಸುಗಳು

ತಪ್ಪು ಕೂಸಿನದೇ. ನಾಲ್ಕು ಜನರ ನಡುವೆ ಕೂಸಿಗೆ ಎದೆಹಾಲು ಕೊಡಬೇಕೇ, ಬಾಟಲಿ ಹಿಡಿಯಬೇಕೇ ಎಂಬ ಇಷ್ಟು ವರ್ಷಗಳ ಚರ್ಚೆಯಲ್ಲಿ ತಾಯಂದಿರನ್ನು ಬೈದದ್ದಾಯಿತು, ಡಬ್ಬಿ ಹಾಲಿನ ಕಂಪನಿಗಳನ್ನು ಬೈದದ್ದಾಯಿತು, ಕಾಲ ಕೆಟ್ಟಿತೆಂದು ಕಾಲವನ್ನೂ ಬೈದದ್ದಾಯಿತು. ನಿಜವಾದ ಆರೋಪಿಯನ್ನು ಮಾತ್ರ ಯಾರೂ ಮುಟ್ಟಿಲ್ಲ. ಮೂರು ತಿಂಗಳ ಆ ಪ್ರಾಣಿಗೆ ಹೊತ್ತು ಗೊತ್ತು ಎಂಬುದಿಲ್ಲ. ಬಸ್ಸು ತುಮಕೂರು ದಾಟಿದ ಮೇಲೆ, ಮದುವೆ ಮನೆಯಲ್ಲಿ ಧಾರೆಯ ಹೊತ್ತಿಗೆ, ಬ್ಯಾಂಕಿನಲ್ಲಿ ಟೋಕನ್ ಕೂಗುವ ಗಳಿಗೆಯಲ್ಲೇ ಅದಕ್ಕೆ ಹಸಿವಾಗುತ್ತದೆ. ಸುತ್ತ ಎಷ್ಟೊಂದು ಸಭ್ಯ ನಾಗರಿಕರು ಕುಳಿತಿದ್ದಾರೆ, ಅವರ ಮನಸ್ಸು ಎಷ್ಟು ಮೆದು, ನೋಡದೆ ಇರುವುದು ಅವರಿಗೆ ಎಂಥ ಕಷ್ಟದ ಕೆಲಸ ಎಂಬ ಯೋಚನೆಯೇ ಇಲ್ಲದೆ ಬಾಯಿ ತೆರೆದು ಅಳುತ್ತದೆ.

ಕೋಲ್ಕತ್ತದ ಮಾಲೊಂದು 2018ರಲ್ಲಿ ಈ ಅಶಿಸ್ತಿಗೆ ಮದ್ದು ಕಂಡುಹಿಡಿದಿತ್ತು. ಹಾಲುಣಿಸಲು ಜಾಗ ಕೇಳಿದ ತಾಯಿಗೆ ಅಲ್ಲಿಯವರು ಶೌಚಾಲಯದ ದಾರಿ ತೋರಿಸಿದರು. ಆಕೆ ದೂರಿದಾಗ, ಮನೆಗೆಲಸವನ್ನು ಮನೆಯಲ್ಲೇ ಮುಗಿಸಿಕೊಂಡು ಬರಬೇಕು ಎಂಬರ್ಥದ ಉತ್ತರ ಬಂತು. ನನಗೆ ಈ ತರ್ಕ ಬಹಳ ಹಿಡಿಸಿತು. ಸೋಮವಾರವೇ ಕೂಸಿಗೆ ವಾರಕ್ಕಾಗುವಷ್ಟು ಕುಡಿಸಿಬಿಟ್ಟರೆ ತಕರಾರೇ ಇಲ್ಲ. ಒಂಟೆಗೆ ಸಾಧ್ಯವಾದದ್ದು ಮನುಷ್ಯನ ಮರಿಗೆ ಆಗದೇ?

ಅದೇ ವರ್ಷದ ಮಾರ್ಚ್‌ನಲ್ಲಿ ಕೇರಳದ ‘ಗೃಹಲಕ್ಷ್ಮಿ’ (ನಮ್ಮ ಎರಡು ಸಾವಿರ ರೂಪಾಯಿಯ ಯೋಜನೆಯಲ್ಲ, ಮಲಯಾಳಂ ಪತ್ರಿಕೆ) ಹಾಲುಣಿಸುವ ಹೆಣ್ಣಿನ ಚಿತ್ರವನ್ನು ಮುಖಪುಟದಲ್ಲಿ ಹಾಕಿ, ದಯವಿಟ್ಟು ದಿಟ್ಟಿಸಬೇಡಿ ಎಂದು ವಿನಂತಿಸಿತು. ಆ ವಿನಂತಿಯನ್ನು ಓದಬೇಕಾದರೆ ದಿಟ್ಟಿಸಲೇಬೇಕಲ್ಲ! ದಿಟ್ಟಿಸಿದವರೊಬ್ಬರು ಹೈಕೋರ್ಟಿಗೆ ಹೋದರು. ತಾವು ಎಷ್ಟೇ ಪ್ರಯತ್ನಪಟ್ಟರೂ ಆ ಚಿತ್ರದಲ್ಲಿ ಅಶ್ಲೀಲತೆ ಕಾಣಲಿಲ್ಲವೆಂದು ನ್ಯಾಯಮೂರ್ತಿಗಳು ಅರ್ಜಿಯನ್ನು ತಳ್ಳಿಹಾಕಿದರು. ಪಾಪ, ಪ್ರಯತ್ನಪಟ್ಟಿದ್ದರು. ಅರ್ಜಿದಾರರಿಗೆ ಪ್ರಯತ್ನವೇ ಬೇಕಾಗಿರಲಿಲ್ಲ.

ಕೂಸುಗಳಲ್ಲೂ ಕಾನೂನು ಬಲ್ಲವು ಇಲ್ಲದಿಲ್ಲ. ದೆಹಲಿಯ ಒಂಬತ್ತು ತಿಂಗಳ ಕೂಸೊಂದು 2018ರಲ್ಲೇ ತಾಯಿಯ ಮೂಲಕ ಅಲ್ಲಿನ ಹೈಕೋರ್ಟಿಗೆ ಅರ್ಜಿ ಹಾಕಿ, ಸಾರ್ವಜನಿಕ ಸ್ಥಳಗಳಲ್ಲಿ ಹಾಲುಣಿಸಲು ವ್ಯವಸ್ಥೆ ಬೇಕೆಂದು ಕೇಳಿತು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ 2025ರ ಫೆಬ್ರವರಿಯಲ್ಲಿ, ಸಾರ್ವಜನಿಕವಾಗಿ ಹಾಲುಣಿಸುವುದನ್ನು ಕಳಂಕವೆಂಬಂತೆ ಕಾಣಬಾರದು ಎಂದಿತು. ಒಳ್ಳೆಯ ಮಾತು. ಅಷ್ಟರಲ್ಲಿ ಆ ಅರ್ಜಿದಾರರಿಗೆ ಏಳು ತುಂಬಿ ಹಾಲುಹಲ್ಲು ಉದುರುವ ಕಾಲ ಬಂದಿತ್ತು. ಹಾಲುಣಿಸುವುದು ತಾಯಿಯ ಹಕ್ಕು, ಸಂವಿಧಾನದ 21ನೇ ವಿಧಿಯಲ್ಲೇ ಅದಕ್ಕೆ ಜಾಗವಿದೆ ಎಂದು ನಮ್ಮ ಹೈಕೋರ್ಟ್ 2021ರಲ್ಲಿಯೇ ಹೇಳಿತ್ತು. ಸಂವಿಧಾನದಲ್ಲಿ ಜಾಗ ಸಿಕ್ಕಿದೆ; ಬಸ್ ನಿಲ್ದಾಣದಲ್ಲಿ ಹುಡುಕುತ್ತಿದ್ದಾರೆ.

ಹಾಗಾದರೆ ಬಾಟಲಿ ಹಿಡಿದು ಮರ್ಯಾದೆ ಉಳಿಸಿಕೊಳ್ಳೋಣವೆಂದು ತಾಯಿ ಚೀಲಕ್ಕೆ ಕೈ ಹಾಕಿದಳೆನ್ನಿ. ಈಗ ದಿಟ್ಟಿಸುವವರಿಲ್ಲ, ಉಪದೇಶಿಸುವವರಿದ್ದಾರೆ. ಎದೆಹಾಲಿಗೆ ಕಣ್ಣು, ಬಾಟಲಿಗೆ ಬಾಯಿ. “ಹಾಲು ಬರಲಿಲ್ಲವೇನಮ್ಮ? ಸಬ್ಬಸಿಗೆ ಸೊಪ್ಪು ತಿಂದೆಯಾ? ಬೆಳ್ಳುಳ್ಳಿ ಸುಟ್ಟು ತಿನ್ನಬೇಕಿತ್ತು. ನಾವು ಹೊಲದ ಬದುವಿನಲ್ಲಿ ಕುಳಿತೇ ಐದು ಮಕ್ಕಳಿಗೆ ಕುಡಿಸಿದೆವು” ಎಂದು ಎದುರು ಸೀಟಿನ ಅಜ್ಜಿ ಆರಂಭಿಸಿದರೆ, “ಈಗಿನವರಿಗೆ ಮೈಕಟ್ಟಿನ ಚಿಂತೆ ಬಿಡಿ” ಎಂದು ಪಕ್ಕದ ಯಜಮಾನರು ಮುಗಿಸುತ್ತಾರೆ. ಸ್ವಲ್ಪ ಹೊತ್ತಿನ ಹಿಂದೆ ಆಕೆ ಸೆರಗು ಸರಿಮಾಡಿಕೊಳ್ಳುವಾಗ “ಒಂದು ಬಾಟಲಿ ತರಬಾರದಿತ್ತೇ” ಎಂದು ಗೊಣಗಿದವರೂ ಇವರೇ. ಅವಧಿಗೆ ಮುನ್ನ ಹುಟ್ಟಿದ ಕೂಸು, ತಾಯಿ ನುಂಗುತ್ತಿರುವ ಔಷಧ, ದತ್ತು ಬಂದ ಮಗು, ಹೆತ್ತವಳನ್ನೇ ಕಳೆದುಕೊಂಡ ಮಗು, ಇಂಥ ಕಾರಣಗಳನ್ನು ಎದುರು ಸೀಟಿಗೆ ಮೂರು ಪ್ರತಿಗಳಲ್ಲಿ ಸಲ್ಲಿಸಬೇಕೆಂಬ ನಿಯಮ ಇನ್ನೂ ಬಂದಿಲ್ಲ.

ಬೈಗುಳ ಸಾಲದಿದ್ದರೆ ಡಬ್ಬಿಯನ್ನೇ ತಿರುಗಿಸಿ ಓದಬಹುದು. ತಾಯಿಯ ಹಾಲೇ ಮಗುವಿಗೆ ಶ್ರೇಷ್ಠ ಎಂಬ ಮಾತು ಅದರ ಮೇಲಿರಬೇಕೆಂದು 1992ರ ಕಾಯ್ದೆ ವಿಧಿಸುತ್ತದೆ. ಕಾಯ್ದೆ ಬೇಕಾಗಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಗುಂಡುಗುಂಡಗಿನ ಕೂಸಿನ ಚಿತ್ರ ತೋರಿಸಿ, ಹೆರಿಗೆ ವಾರ್ಡುಗಳಲ್ಲಿ ಪುಕ್ಕಟೆ ಡಬ್ಬಿ ಹಂಚಿ, ಶುದ್ಧ ನೀರೂ ಸಿಗದ ದೇಶಗಳಲ್ಲಿ ಕಂಪನಿಗಳು ನಡೆಸಿದ ವ್ಯಾಪಾರವನ್ನು ನೋಡಿಯೇ 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಸಂಹಿತೆ ತಂದಿತು. ಅದರ ವಿರುದ್ಧ ಮತ ಹಾಕಿದ ಏಕೈಕ ದೇಶ ಅಮೆರಿಕ. ಆದರೆ ಕಂಪನಿಯ ಕಿವಿ ಹಿಂಡಲು ತಂದದ್ದನ್ನು ನಾವು ತಾಯಿಯ ಕಿವಿಗೆ ದಾಟಿಸಿದ್ದೇವೆ. ರಾತ್ರಿ ಎರಡು ಗಂಟೆಗೆ ನೀರು ಕುದಿಸಿ, ಆರಿಸಿ, ಚಮಚ ಎಣಿಸುವವಳಿಗೆ ಡಬ್ಬಿಯೂ ಒಂದು ಮಾತು ಹೇಳಿಯೇ ಮಲಗುತ್ತದೆ.

ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2017ರ ತಿದ್ದುಪಡಿಯ ಮೇಲೆ ನಮ್ಮ ಹೆರಿಗೆ ರಜೆ 26 ವಾರ. ಲೆಕ್ಕ ಹೊಂದಿತೆಂದು ಚಪ್ಪಾಳೆ ತಟ್ಟುವ ಮೊದಲು ನೋಡಿ: ಅದರಲ್ಲಿ ಎಂಟು ವಾರವನ್ನು ಹೆರಿಗೆಗೆ ಮುನ್ನವೇ ತೆಗೆದುಕೊಳ್ಳಬಹುದು, ತೆಗೆದುಕೊಂಡವಳಿಗೆ ಉಳಿಯುವುದು 18. ಮಿಕ್ಕ ಎಂಟು ವಾರವನ್ನು ಕೂಸು ಹೇಗೋ ಸಂಭಾಳಿಸಿಕೊಳ್ಳಬೇಕು. ಮೂರನೆಯ ಕೂಸಾದರೆ ಒಟ್ಟು ರಜೆಯೇ 12 ವಾರ. ಮೂರನೆಯದಕ್ಕೆ ಹಸಿವು ಅರ್ಧ ಎಂದು ಸಂಸತ್ತು ಕಂಡುಕೊಂಡಿರಬೇಕು.

ಮನೆಗೆಲಸದವಳಿಗೆ, ಗಾರೆ ಕೆಲಸದವಳಿಗೆ ಆ 12 ವಾರವೂ ಕನಸು. ಆಕೆ ಜಲ್ಲಿ ರಾಶಿಯ ಪಕ್ಕ ಕುಳಿತು, ಬಾಂಡಲಿ ಕೆಳಗಿಟ್ಟು, ನಡುಬೀದಿಯಲ್ಲೇ ಕೂಸಿಗೆ ಹಾಲು ಕೊಟ್ಟು ಮತ್ತೆ ಏಳುತ್ತಾಳೆ. ಅದರಿಂದ ಸಂಸ್ಕೃತಿಗೆ ಧಕ್ಕೆಯಾದ ದೂರು ಎಲ್ಲೂ ದಾಖಲಾಗಿಲ್ಲ. ಸಂತೆಯಲ್ಲಿ ಸೊಪ್ಪು ಮಾರುವವಳ ಮುಂದೆ ನಿಂತು ಚೌಕಾಸಿ ಮಾಡುವವರು ಅವಳ ಮಡಿಲಿನ ಕಡೆ ಕಣ್ಣೆತ್ತುವುದೂ ಇಲ್ಲ. ಕಟ್ಟಿಗೆ ಐದು ರೂಪಾಯಿ ಇಳಿದರೆ ಸಾಕು. ಹಾಲು ಬಿಸಿಲಿಗೆ ಒಡೆಯುತ್ತದೆ, ಸಂಸ್ಕೃತಿ ಎ.ಸಿ. ಗಾಳಿಗೆ ಒಡೆಯುತ್ತದೆ.

ಸೀಸೆಗೆ ತುಂಬಿದ ಮೇಲಂತೂ ಅದೇ ಹಾಲು ಪರಮ ಪವಿತ್ರ. ಬೆಂಗಳೂರಿನ ಕಂಪನಿಯೊಂದು ತಾಯಂದಿರ ಹಾಲನ್ನು ಸಂಸ್ಕರಿಸಿ ಮಾರುತ್ತಿತ್ತು. ಆಹಾರದ ಪರವಾನಗಿ ಕೈತಪ್ಪಿದಾಗ ಆಯುರ್ವೇದ ಔಷಧದ ಪರವಾನಗಿ ಪಡೆಯಿತು; 2022ರಲ್ಲಿ ಅದನ್ನೂ ರದ್ದು ಮಾಡಬೇಕಾಯಿತು. ಎದೆಹಾಲಿನ ಮಾರಾಟ ಸಲ್ಲದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ಮತ್ತೆ ಹೇಳಿತು. ಈ ಎಲ್ಲ ವರ್ಷಗಳಲ್ಲಿ ಆ ಸೀಸೆಗೊಂದು ಸೆರಗು ಹೊದಿಸಿ ಎಂದು ಯಾರೂ ಬೀದಿಗಿಳಿಯಲಿಲ್ಲ.

ಕೊಠಡಿಗಳ ಕಥೆಗೆ ಪಕ್ಕದ ಮಹಾರಾಷ್ಟ್ರಕ್ಕೆ ಹೋಗಬೇಕು. ಅಲ್ಲಿ ಹಾಲುಣಿಸುವ ಕೊಠಡಿಗೆ ‘ಹಿರಕಣಿ ಕಕ್ಷ’ ಎಂದು ಹೆಸರು. ಹಿರಕಣಿ ರಾಯಗಡದ ಕೋಟೆಗೆ ಹಾಲು ಮಾರಲು ಹೋಗುತ್ತಿದ್ದ ಹೆಂಗಸು ಎಂಬುದು ಐತಿಹ್ಯ. ಒಂದು ಸಂಜೆ ಕೋಟೆಯ ಬಾಗಿಲು ಮುಚ್ಚಿಬಿಟ್ಟಿತು. ಕೆಳಗೆ ಮನೆಯಲ್ಲಿ ಕೂಸು ಅಳುತ್ತಿರುತ್ತದೆ ಎಂದು ಆಕೆ ಕತ್ತಲಲ್ಲೇ ಕಡಿದಾದ ಬಂಡೆ ಇಳಿದು ಹೋದಳು. ಶಿವಾಜಿ ಮಹಾರಾಜರು ಮೆಚ್ಚಿ, ಅವಳು ಇಳಿದ ಜಾಗದಲ್ಲಿ ಅವಳ ಹೆಸರಿನ ಬುರುಜು ಕಟ್ಟಿಸಿದರಂತೆ. ಅಂದರೆ ಮುಂದಿನ ತಾಯಿಗೆ ಇದ್ದ ಒಂದು ದಾರಿಯೂ ಗೌರವಪೂರ್ವಕವಾಗಿ ಮುಚ್ಚಿತು. ತಾಯ್ತನಕ್ಕೆ ನಾವು ಸಲ್ಲಿಸುವ ಸನ್ಮಾನವೆಲ್ಲ ಇದೇ ನಕ್ಷೆಯದು. 2023ರಲ್ಲಿ ಕೂಸಿನೊಂದಿಗೆ ಮುಂಬೈಯ ವಿಧಾನಭವನಕ್ಕೆ ಬಂದ ಶಾಸಕಿ ಸರೋಜ್ ಅಹಿರೆ, ಅಲ್ಲಿನ ಹಿರಕಣಿ ಕಕ್ಷದಲ್ಲಿ ಬರೀ ದೂಳು ಎಂದು ದೂರಬೇಕಾಯಿತು.

ನಮ್ಮ ಬಸ್ ನಿಲ್ದಾಣಗಳಲ್ಲೂ ಕೊಠಡಿಗಳಿವೆ. ಬೋರ್ಡು ಇರುತ್ತದೆ, ತಾಯಿ-ಮಗುವಿನ ಬಣ್ಣದ ಚಿತ್ರವಿರುತ್ತದೆ, ಉದ್ಘಾಟಿಸಿದವರ ಹೆಸರಿರುತ್ತದೆ, ಬೀಗವೂ ಇರುವುದುಂಟು. ಕೀಲಿ ಕಂಟ್ರೋಲರ್ ಬಳಿ, ಕಂಟ್ರೋಲರ್ ಊಟಕ್ಕೆ. ಅವರದು ದೊಡ್ಡವರ ಹಸಿವು, ಗಡಿಯಾರ ನೋಡಿ ಬರುತ್ತದೆ.

ತಾಯಿಯ ಹಾಲು ಯಾವ ಅಡ್ಡಿಯೂ ಇಲ್ಲದೆ ಬಹಿರಂಗಕ್ಕೆ ಬರುವುದು ಚುನಾವಣೆಯಲ್ಲಿ. “ತಾಯಿಯ ಎದೆಹಾಲು ಕುಡಿದಿದ್ದರೆ ನನ್ನೆದುರು ನಿಲ್ಲಲಿ” ಎಂದು ನಾಯಕರು ತುಂಬಿದ ಸಭೆಯಲ್ಲಿ ಗುಡುಗುತ್ತಾರೆ. ಆಗ ಯಾರೂ ಮುಖ ತಿರುಗಿಸುವುದಿಲ್ಲ, ಶಿಳ್ಳೆ ಹಾಕುತ್ತಾರೆ. ಆದರೆ ಈ ಸವಾಲಿನಲ್ಲೊಂದು ತಾಂತ್ರಿಕ ತೊಡಕಿದೆ. ಒಳಲೆಯಲ್ಲಿ ಹಸುವಿನ ಹಾಲು ಕುಡಿದು ಬೆಳೆದವರು, ಡಬ್ಬಿ ಹಾಲಿನವರು ಸ್ಪರ್ಧಿಸಬಹುದೇ? ಆಯೋಗವು ಅಭ್ಯರ್ಥಿಗಳ ಪ್ರಮಾಣಪತ್ರದಲ್ಲಿ ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣಗಳ ಕೆಳಗೆ ಇನ್ನೊಂದು ಕಲಂ ಸೇರಿಸುವುದು ಒಳ್ಳೆಯದು: ಎಷ್ಟು ತಿಂಗಳು ಕುಡಿದಿರಿ, ಎಲ್ಲಿ ಕುಡಿದಿರಿ, ಆಗ ಸುತ್ತ ಯಾರಾದರೂ ಇದ್ದರೇ. ಬಸ್ಸಿನಲ್ಲಿ ಕುಡಿದವರ ನಾಮಪತ್ರವನ್ನು ಪರಿಶೀಲನೆಯ ದಿನವೇ ತಿರಸ್ಕರಿಸಬಹುದು.