ಆಟಿಯ ಓದು: ಐದು ಕಾದಂಬರಿ, ಒಂದಿಷ್ಟು ತಕರಾರು

ನಮ್ಮ ಕರಾವಳಿಯ ಕಾದಂಬರಿಗಳನ್ನು ಮಳೆ, ಕಡಲು, ಹಸಿರು ಎಂದು ಹೊಗಳುವವರೇ ಜಾಸ್ತಿ. ಈ ಆಟಿಯಲ್ಲಿ (ತುಳುವರ ಮಳೆಗಾಲದ ತಿಂಗಳು) ಐದನ್ನು ಸಾಲಾಗಿ ಓದಿದ ಮೇಲೆ ನನಗನಿಸಿದ್ದು, ಇವುಗಳ ಬಲ ಇರುವುದು ಲೆಕ್ಕದಲ್ಲಿ. ಗದ್ದೆ ಯಾರದ್ದು, ಸಾಲ ಯಾರ ತಲೆ ಮೇಲೆ, ದುಡ್ಡು ಎಲ್ಲಿಂದ ಬಂತು ಎಂಬುದನ್ನು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಓದಿ ನೋಡಿ.

ಶಿವರಾಮ ಕಾರಂತರ 'ಚೋಮನ ದುಡಿ' (1933) ಎಲ್ಲರಿಗೂ ಗೊತ್ತು, ಸರಿಯಾಗಿ ಓದಿದವರು ಕಡಿಮೆ. ಚೋಮನಿಗೆ ಎತ್ತಿನ ಜೋಡಿ ಉಂಟು, ಉಳಲು ಗದ್ದೆ ಇಲ್ಲ. ಧಣಿ ಸಂಕಪ್ಪಯ್ಯನಿಗೆ ಕೊಡುವ ಮನಸ್ಸಿದ್ದರೂ ತಾಯಿ ಬಿಡುವುದಿಲ್ಲ. ಇಲ್ಲೇ ಹೆಚ್ಚಿನವರು ಎಡವುವುದು: ಧಣಿ ಒಳ್ಳೆಯವ, ಮುದುಕಿ ಕೆಟ್ಟವಳು ಎಂದು ತೀರ್ಮಾನಿಸಿ ಮುಂದೆ ಹೋಗುತ್ತಾರೆ. ಆದರೆ ಚೋಮ ಗೇಣಿ ಕೊಟ್ಟು ಉಳುವ ಒಕ್ಕಲು ಅಲ್ಲ, ಮೂಲದಾಳು, ಅಂದರೆ ಧಣಿಯ ಮನೆಗೆ ತಲೆತಲಾಂತರದಿಂದ ಕಟ್ಟುಬಿದ್ದ ಆಳು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆ ಗದ್ದೆಯ ಹಕ್ಕು ಕೊಟ್ಟದ್ದು ಗೇಣಿಗೆ ಮಾಡುತ್ತಿದ್ದವರಿಗೆ. ಅಂದರೆ ನಲವತ್ತು ವರ್ಷ ಕಾದಿದ್ದರೂ ಆ ದಾರಿಯಲ್ಲಿ ಚೋಮನಿಗೆ ಗದ್ದೆ ಸಿಗುತ್ತಿರಲಿಲ್ಲ. ಕಾಫಿ ತೋಟದ ಸಾಲವನ್ನೂ ಇದರ ಜೊತೆಗಿಟ್ಟು ನೋಡಿ. ಅದನ್ನು ತೀರಿಸಲು ಘಟ್ಟ ಹತ್ತಿದ ಮಕ್ಕಳು ಒಬ್ಬೊಬ್ಬರಾಗಿ ಕೈತಪ್ಪುತ್ತಾರೆ, ಕೊನೆಗೆ ಆ ಲೆಕ್ಕ ಚುಕ್ತಾ ಆಗುವುದು ಮಗಳು ಬೆಳ್ಳಿಯ ಮೈಯಿಂದ. ನನ್ನ ತಕರಾರು ಒಂದೇ, ಬೆಳ್ಳಿಯ ಮನಸ್ಸಿಗೆ ಕಾರಂತರು ಇನ್ನೂ ಸ್ವಲ್ಪ ಜಾಗ ಕೊಡಬೇಕಿತ್ತು.

ಕಾರಂತರದ್ದೇ 'ಮರಳಿ ಮಣ್ಣಿಗೆ' ಅರ್ಧಕ್ಕೆ ಬಿಡುವವರು ಎಷ್ಟೋ ಜನ. ಕಾರಣ ಎರಡು. ಮೂರು ತಲೆಮಾರಿನ ಕಥೆ, ಅಜ್ಜನೂ ರಾಮ, ಮೊಮ್ಮಗನೂ ರಾಮ. ಮತ್ತೆ ಮೊದಲ ಭಾಗದಲ್ಲಿ ಹೇಳಿಕೊಳ್ಳುವಂಥ ಘಟನೆಯೇ ಇಲ್ಲ, ಬರೀ ದುಡಿಮೆ. ಪುಸ್ತಕದ ಕೊನೆಯ ಖಾಲಿ ಪುಟದಲ್ಲಿ ವಂಶವೃಕ್ಷ ಬರೆದಿಟ್ಟುಕೊಳ್ಳಿ: ರಾಮ ಐತಾಳ, ತಂಗಿ ಸರಸ್ವತಿ, ಹೆಂಡಿರು ಪಾರ್ವತಿ ಮತ್ತು ಸತ್ಯಭಾಮೆ, ಮಗ ಲಚ್ಚ, ಸೊಸೆ ನಾಗವೇಣಿ, ಅವಳ ಮಗ ರಾಮ. ದಿನಕ್ಕೆ ನಲವತ್ತು ಪುಟ ಸಾಕು. ಅದಕ್ಕಿಂತ ಕಡಿಮೆಯಾದರೆ ಹೆಸರು ಮರೆತು ಹೋಗ್ತದೆ. ಬೆಂಗಳೂರಿನ ಹೋಟೆಲಿನ ದುಡ್ಡಿನಿಂದ ಶೀನಮಯ್ಯರ ಮನೆ ಮೇಲೇಳುವ ಭಾಗ ಓದಿದರೆ ಉಡುಪಿ ಕಡೆಯವರಿಗೆ ಬೇರೆ ವಿವರಣೆ ಬೇಡ. ಮೊಮ್ಮಗ ರಾಮ ಪಟ್ಟಣ ಸೇರಿದ ಮೇಲೆ ಕಥೆ ಸಡಿಲ, ಅದನ್ನು ಹಿಡಿದು ನಿಲ್ಲಿಸುವವಳು ನಾಗವೇಣಿ. (ದಪ್ಪ ಪುಸ್ತಕ, ಆಟಿಯ ತಂಡಿಗೆ ಬೈಂಡಿನ ಗೋಂದು ಬಿಡ್ತದೆ. ಗೋಡೆಗೆ ತಾಗಿಸಿ ಇಡಬೇಡಿ. ಒದ್ದೆಯಾದರೆ ಬಿಸಿಲಿಗಿಡದೆ, ಪುಟಗಳ ನಡುವೆ ಬಿಳಿ ಕಾಗದ ಇಟ್ಟು ಫ್ಯಾನಿನಡಿ ಒಣಗಿಸಿ.)

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಕೂತ ಕಡೆಯೇ ಮುಗಿಸಬಹುದು. ಇದನ್ನು ತಲಾಖ್ ಕಾದಂಬರಿ ಎಂದು ಮಾತ್ರ ನೋಡುವುದು ನನಗೆ ಒಪ್ಪಿಗೆ ಇಲ್ಲ. ಎಲ್ಲದಕ್ಕೂ ಮೂಲ ಮಾವ ಅಳಿಯಂದಿರ ದುಡ್ಡಿನ ತಕರಾರು, ನಡುವಿನ ಮಗಳು ನಾದಿರಾ ಅದಕ್ಕೆ ಅಡವಿಟ್ಟ ವಸ್ತು.

ಕಯ್ಯೂರಿನ ರೈತ ಹೋರಾಟದ ಕಥೆ ಹೇಳುವ ನಿರಂಜನರ 'ಚಿರಸ್ಮರಣೆ' ಬಗ್ಗೆ ಮುಲಾಜಿಲ್ಲದೆ ಹೇಳುವುದಾದರೆ, ಅಪ್ಪು ಮತ್ತು ಚಿರುಕಂಡ ಹುಡುಗರಾಗಿರುವ ಮೊದಲ ಭಾಗ ಬಹಳ ಚೆಂದ. ಆಮೇಲೆ ಎಲ್ಲರೂ ತಪ್ಪೇ ಮಾಡದವರಾಗಿಬಿಡುತ್ತಾರೆ. ಆದರೂ ಓದಲೇಬೇಕು. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಆ ಹೋರಾಟದ ನಾಲ್ವರನ್ನು ಗಲ್ಲಿಗೇರಿಸಿದಾಗ ಕಯ್ಯೂರು ಇದ್ದದ್ದು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ. ಇಲ್ಲಿನ ಎಷ್ಟು ಮಕ್ಕಳಿಗೆ ಗೊತ್ತುಂಟು?

ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' (1899) ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಗೌರವ ಇಟ್ಟುಕೊಂಡೇ ಹೇಳ್ತೇನೆ, ಒಳ್ಳೆಯವರು ಬಾಯಿ ತೆರೆದರೆ ಉಪದೇಶ, ಕೆಟ್ಟವರ ಮನೆಯಲ್ಲೇ ಜೀವಕಳೆ. ಉಪದೇಶದ ಪುಟ ಬಂದಾಗ ಸರಸರ ದಾಟಿ, ಸಂಭಾಷಣೆಯನ್ನು ಗಟ್ಟಿಯಾಗಿ ಓದಿ. ಮನಸ್ಸಿನಲ್ಲೇ ಓದಿದರೆ ಹಳೆಯ ಗದ್ಯ ಕಾಲಿಗೆ ತೊಡರುತ್ತದೆ.

ಹೊಸಬರು ಚಂದ್ರಗಿರಿಯಿಂದ ಶುರು ಮಾಡಿ, ಆಮೇಲೆ ಚೋಮ, ಕಯ್ಯೂರು, ಐತಾಳರ ಮನೆ. ಇಂದಿರಾಬಾಯಿ ಕೊನೆಗಿರಲಿ. ತುಳು ಶಬ್ದಕ್ಕೆ ಸಿಕ್ಕಿಬಿದ್ದರೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ತಂದ ಆರು ಸಂಪುಟದ ತುಳು ನಿಘಂಟು ಉಂಟು. ಮನೆಗೆ ಕೊಳ್ಳಬೇಕೆಂದಿಲ್ಲ, ಲೈಬ್ರರಿಯಲ್ಲಿ ಕೇಳಿ ನೋಡಿ.