ಹಕ್ಕಿ 5 ಕೆಜಿ

ನಾನು ಐದನೇ ಕ್ಲಾಸಲ್ಲಿದ್ದಾಗ ಅಂಗಡಿಗೆ ಹೋಗೋಕೆ ಅಮ್ಮ ಚೀಟಿ ಬರೆದು ಕೊಡುತ್ತಿದ್ದಳು. ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ, ಪೆನ್ಸಿಲ್‌ನಲ್ಲಿ. ‘ಹಕ್ಕಿ 5 ಕೆಜಿ. ಹುದ್ದಿನ ಬೇಳೆ ಅರ್ದ. ಎಸರು ಕಾಳು ಕಾಲು. ಹೆಣ್ಣೆ 1 ಲೀಟರು.’

ನನಗೋ ಸ್ಕೂಲಲ್ಲಿ ಕಾಗುಣಿತಕ್ಕೆ ಹತ್ತಕ್ಕೆ ಹತ್ತು. ದಾರಿಯಲ್ಲಿ ಅರಳಿಕಟ್ಟೆ ಮೇಲೆ ಕೂತು ಎಲ್ಲ ತಿದ್ದಿ, ಬೇರೆ ಚೀಟಿ ಬರೆದುಕೊಂಡು ಹೋಗುತ್ತಿದ್ದೆ. ಶೆಟ್ಟರು ನಕ್ಕುಬಿಟ್ಟರೆ ಅನ್ನೋ ಭಯ. ಒಂದು ದಿನ ಪೆನ್ಸಿಲ್ ಮರೆತೆ. ಬೇರೆ ದಾರಿಯಿಲ್ಲದೆ ಅಮ್ಮನ ಚೀಟಿಯನ್ನೇ ಕೊಟ್ಟೆ. ಶೆಟ್ಟರು ಕನ್ನಡಕ ಏರಿಸಿ ಓದಿದರು. ಅಕ್ಕಿ ತೂಗಿದರು, ಬೇಳೆ ಕಟ್ಟಿದರು, ಲೆಕ್ಕ ಬರೆದು ಚೀಟಿಯನ್ನು ತಂತಿಗೆ ಚುಚ್ಚಿದರು. ನಗಲಿಲ್ಲ. ಆ ತಂತಿಯಲ್ಲಿದ್ದ ಬೇರೆ ಚೀಟಿಗಳನ್ನು ಇಣುಕಿ ನೋಡಿದೆ. ಅರ್ಧ ಊರೇ ಹಕ್ಕಿ ಕೊಳ್ಳುತ್ತಿತ್ತು.

ಇದೆಲ್ಲ ನೆನಪಾಗಿದ್ದು ಮೊನ್ನೆ ಇದೇ ಫೇಸ್‌ಬುಕ್‌ನಲ್ಲಿ ಕಂಡ ಒಂದು ಪೋಸ್ಟಿನಿಂದ. ಯಾರೋ ಹೆಂಗಸು. ಎರಡು ಹಸು ಕಟ್ಟಿಕೊಂಡು ಮನೆ ನಡೆಸುವವರು. ಹಿಂಡಿ ರೇಟು ಎಷ್ಟು ಏರಿದೆ, ಡೇರಿಗೆ ಹಾಕಿದರೆ ಕೈಗೆ ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಸಮೇತ ಬರೆದಿದ್ದರು. ‘ಆಲು’ ಅಂತ ಬರೆದಿದ್ದರು. ಅಷ್ಟೇ ಸಾಕಾಯಿತು. ‘ಆಲೂಗಡ್ಡೆ ಹಾಕ್ತೀರಾ ಡೇರಿಗೆ?’ ಅಂತ ಒಬ್ಬರು. ‘ಮೊದಲು ಕನ್ನಡ ಕಲೀರಿ’ ಅಂತ ಇನ್ನೊಬ್ಬರು. ಹಿಂಡಿ ರೇಟಿನ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ಸಂಜೆ ನೋಡಿದರೆ ಪೋಸ್ಟೇ ಇರಲಿಲ್ಲ.

ನಮ್ಮ ಮಂಡ್ಯ, ಮೈಸೂರು ಕಡೆ ಮಾತಲ್ಲಿ ‘ಹ’ ನಿಲ್ಲುವುದು ಕಡಿಮೆ. ಹಾಲು ಆಲಾಗುತ್ತದೆ, ಹೋಗು ಓಗು ಆಗುತ್ತದೆ. ಇದನ್ನು ಅಸಡ್ಡೆ ಅಂತಾರೆ. ಅಸಡ್ಡೆಯಾಗಿದ್ದರೆ ಒಬ್ಬೊಬ್ಬರು ಒಂದೊಂದು ಥರ ಬಿಡಬೇಕಿತ್ತು ಅಲ್ವಾ? ಇಡೀ ಸೀಮೆಯೇ ಒಂದೇ ಥರ ಬಿಡುತ್ತದೆ. ಇನ್ನು ಆ ‘ಹ’ ಆದರೂ ಎಲ್ಲಿಂದ ಬಂತು? 10ನೇ ಶತಮಾನದಲ್ಲಿ ಪಂಪ ಬರೆಯುವಾಗ ಅದು ‘ಪಾಲ್’. ಹೋಗು ಅನ್ನುವುದು ‘ಪೋಗು’, ಹಾವು ‘ಪಾವು’, ಹುಲಿ ‘ಪುಲಿ’. ಮುಂದೆ ಜನರ ಬಾಯಲ್ಲಿ ‘ಪ’ ಸವೆದು ‘ಹ’ ಆಯಿತು. ನಮ್ಮ ಕಡೆಯವರ ಬಾಯಲ್ಲಿ ಅದು ಇನ್ನೊಂದು ಹೆಜ್ಜೆ ಸವೆದಿದೆ. ಪಾಲ್, ಹಾಲು, ಆಲು. ಮೊದಲನೆಯದು ಹಳಗನ್ನಡ ಅಂತ ಕೈ ಮುಗಿಯುತ್ತೇವೆ, ಕೊನೆಯದಕ್ಕೆ ನಗುತ್ತೇವೆ.

ಸರಿ, ಹಾಲು ಆಲಾಯಿತು. ಅಕ್ಕಿ ಯಾಕೆ ಹಕ್ಕಿಯಾಯಿತು? ನನಗೆ ಗೊತ್ತಾಗಲು ಬಹಳ ವರ್ಷ ಹಿಡಿಯಿತು. ಅಮ್ಮ ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ‘ಹ’ ಬಿಟ್ಟಾಗಲೆಲ್ಲ ಮೇಷ್ಟ್ರು ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರಂತೆ. ಎಲ್ಲಿ ಬಿಡಬಾರದು ಅಂತ ಬಾಯಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಅನುಮಾನ ಬಂದ ಕಡೆಯೆಲ್ಲ ಒಂದು ‘ಹ’ ಇಟ್ಟುಬಿಡುವುದು. ಅವಳ ‘ಹೆಣ್ಣೆ’ಯಲ್ಲಿ ಇದ್ದದ್ದು ಪೆಟ್ಟಿನ ಭಯ.

ಹಾಗಂತ ಹೇಗೆ ಬರೆದರೂ ನಡೆಯುತ್ತದೆ ಅನ್ನುವವನಲ್ಲ ನಾನು. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಮಹಾಪ್ರಾಣವೇ ಬೇಡ, ‘ಷ’ವೂ ಬೇಡ, ನಾವು ಹೇಗಿದ್ದರೂ ಹಾಗೆ ಉಲಿಯುವುದಿಲ್ಲ ಅಂದರು. ಸುಮ್ನೆ ಹೇಳಲಿಲ್ಲ, ಹಾಗೇ ಬರೆದೂ ತೋರಿಸಿದರು. ಅವರ ವಾದ ಓದಿದಾಗ ತಲೆ ಹೌದೌದು ಅನ್ನುತ್ತದೆ. ‘ಬಾಶೆ’ ಅಂತ ಅಚ್ಚಾಗಿದ್ದು ನೋಡಿದರೆ ಕಣ್ಣು ಒಪ್ಪುವುದಿಲ್ಲ. ಅಭ್ಯಾಸ, ಏನು ಮಾಡೋದು. ಆದರೆ ಮಾತಲ್ಲಿ ಇಲ್ಲದ್ದನ್ನು ಬರಹದಲ್ಲಿ ನೆನಪಿಟ್ಟುಕೊಳ್ಳಬೇಕು ಅಂದರೆ ಅದಕ್ಕೆ ಸ್ಕೂಲು, ಪುಸ್ತಕ, ಬಿಡುವು ಎಲ್ಲ ಬೇಕು. ಅವೆಲ್ಲ ಸಿಕ್ಕಿದ್ದು ನನ್ನ ಪುಣ್ಯ, ಜಾಣತನ ಅಲ್ಲ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ಈಚೆಗೆ ನೆಂಟರ ಮದುವೆ ಕಾರ್ಡ್ ಬಂತು. ಒಂದು ಬದಿ ಇಂಗ್ಲಿಷ್, ಒಂದು ಬದಿ ಕನ್ನಡ. ಇಂಗ್ಲಿಷ್ ಬದಿಯನ್ನು ಮೂರು ಜನ ಓದಿ ಒಪ್ಪಿದ ಮೇಲೆ ಪ್ರಿಂಟಿಗೆ ಕೊಟ್ಟರಂತೆ. ಕನ್ನಡದ ಬದಿಯಲ್ಲಿ ‘ಆರ್ಶೀವಾದವೇ ಉಡುಗೊರೆ’. ಈ ‘ಆರ್ಶೀವಾದ’ ಎಷ್ಟು ಕಾರ್ಡಲ್ಲಿ ನೋಡಿದ್ದೀನೋ ಲೆಕ್ಕವಿಲ್ಲ. ಪಾಪ, ಅರ್ಕಾವತ್ತಿನ ಆಟವೇ ಹಾಗೆ. ‘ರ’ ಮೊದಲು ಉಲಿಯಬೇಕು, ಗುರುತು ಮಾತ್ರ ಮುಂದಿನ ಅಕ್ಷರ ಆದ ಮೇಲೆ ಕೂರುತ್ತದೆ. ಅದು ಯಾರ ಬೆನ್ನಿಗೆ ಅಂತ ಗಲಿಬಿಲಿಯಾಗಿ ‘ವಾ’ ಬಿಟ್ಟು ‘ಶೀ’ಗೆ ಅಂಟುತ್ತದೆ. ಆ ತಪ್ಪನ್ನು ಕ್ಷಮಿಸುತ್ತೇನೆ. ಹುಡುಗನ ತಂದೆಗೆ ತೋರಿಸಿದಾಗ ಅವರು ಅಂದದ್ದನ್ನು ಕ್ಷಮಿಸಲಾರೆ. ‘ಅರ್ಥ ಆಗುತ್ತಲ್ಲ, ಬಿಡಿ.’ ಇಂಗ್ಲಿಷ್‌ನಲ್ಲಿ ಒಂದು ಅಕ್ಷರ ಆಚೀಚೆ ಆಗಿದ್ದರೆ ಪೂರ್ತಿ ಕಾರ್ಡನ್ನೇ ಮತ್ತೆ ಪ್ರಿಂಟ್ ಮಾಡಿಸುತ್ತಿದ್ದರು. ಅಷ್ಟು ಅನುಕೂಲಸ್ಥರು.

ಫ್ಲೆಕ್ಸ್‌ಗಳ ಕಥೆ ಬೇಡ. ‘ಹಾರ್ಧಿಕ ಶುಭಾಷಯ’ಗಳ ಮೇಲೆ ಬರೆದೂ ಬರೆದೂ ಸಾಕಾಗಿದೆ.

ಆದರೆ ಕಚೇರಿಯ ತಪ್ಪಿನ ಬಗ್ಗೆ ಒಂದು ಮಾತು. ಗೌರಮ್ಮ ಅನ್ನೋ ಹೆಸರನ್ನು ಇಂಗ್ಲಿಷ್‌ನಲ್ಲಿ ಬರೆಯಿರಿ ನೋಡೋಣ. ‘ಗೌ’ಗೆ ಒಬ್ಬರು ಡಬ್ಲ್ಯೂ ಹಾಕುತ್ತಾರೆ, ಒಬ್ಬರು ಯು. ಅಮ್ಮನ ಹೆಸರಿಗೂ ಇದೇ ಗತಿಯಾಯಿತು. ಆಧಾರ್‌ನಲ್ಲಿ ಒಂದು ಥರ, ಪಾಸ್‌ಬುಕ್ಕಲ್ಲಿ ಇನ್ನೊಂದು ಥರ. ಎರಡನ್ನೂ ಬರೆದವಳು ಅವಳಲ್ಲ, ಅವಳಿಗೆ ಇಂಗ್ಲಿಷ್ ಬರುವುದೇ ಇಲ್ಲ. ಹೆಸರು ಹೊಂದದೆ ಬ್ಯಾಂಕಿನಲ್ಲಿ ದುಡ್ಡು ನಿಂತಿದ್ದು ಮಾತ್ರ ಅವಳದ್ದು. ಆಧಾರ್‌ನಲ್ಲಿ ಹೆಸರು ತಿದ್ದಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಬ್ಯಾಂಕಿನ ಕೌಂಟರಿನಲ್ಲಿದ್ದ ಹುಡುಗ ನಮ್ಮ ಕಡೆ ನೋಡದೆಯೇ, ‘ಎರಡೂ ಒಬ್ಬರೇ ಅಂತ ಅಫಿಡವಿಟ್ ತನ್ನಿ’ ಅಂದ. ‘ಮೊದಲೇ ನೋಡ್ಕೋಬಾರದಾ ಅಜ್ಜಿ’ ಅಂತಲೂ ಸೇರಿಸಿದ. ಅಂಗಡಿ ಚೀಟಿಯ ತಪ್ಪಿಂದ ನಮ್ಮ ಮನೆಗೆ ಒಂದು ಹಿಡಿ ಅಕ್ಕಿಯೂ ಕಡಿಮೆ ಬಂದಿರಲಿಲ್ಲ.

ಛಾಪಾ ಕಾಗದ ತೆಗೆದುಕೊಂಡು ಟೈಪ್ ಮಾಡಿಸಿದೆವು. ನೋಟರಿಯ ಮುಂದೆ ಸಹಿ ಹಾಕುವ ಮೊದಲು ಓದುತ್ತೀನಿ ಅಂತ ಅಮ್ಮ ಕಾಗದ ಎಳೆದುಕೊಂಡಳು. ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿಕೊಂಡು, ಹತ್ತು ನಿಮಿಷ. ಹಿಂದೆ ಕ್ಯೂ ಬೆಳೆಯುತ್ತಿತ್ತು. ನಾನು ಆಗಲೇ ಒಮ್ಮೆ ಕಣ್ಣಾಡಿಸಿ ಸರಿಯಿದೆ ಅಂದಿದ್ದೆ. ಅವಳ ಬೆರಳು ಮೂರನೇ ಸಾಲಲ್ಲಿ ನಿಂತಿತು. ‘ಇಲ್ಲಿ ನಿಮ್ಮಪ್ಪನ ಹೆಸರಿಗೆ ದೀರ್ಘ ಬಿಟ್ಟವ್ರೆ ನೋಡು.’

ಟೈಪ್ ಮಾಡಿದವನು ಬಗ್ಗಿ ನೋಡಿ ಅಂದ, ‘ಅರ್ಥ ಆಗುತ್ತಲ್ಲ ಅಜ್ಜಿ, ಬಿಡಿ.’

‘ನನ್ಗೆ ಆಯ್ತದೆ ಕಣಪ್ಪ,’ ಅಂದಳು ಅಮ್ಮ. ‘ಆ ಬ್ಯಾಂಕ್ನೋರ್ಗೆ ಆಗಕಿಲ್ವಲ್ಲ.’