ಹಳೇ ಕಾಲದ ಲೇಡಿ ಡಾಕ್ಟರ್

ನಾಯಕಿ ಕೈ ತೊಳೆದಳು, ನಾನು ಪುಸ್ತಕ ಮುಚ್ಚಿದೆ. ಏಳೆಂಟು ನೂರು ವರ್ಷ ಹಿಂದಿನ ಯುರೋಪು, ಹೊಲದ ಬದಿಯಲ್ಲಿ ಹೆಣ, ಕೊಲೆಗಾರನನ್ನು ಪತ್ತೆ ಮಾಡಲು ಬಂದ ಲೇಡಿ ಡಾಕ್ಟರ್. ಅಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ಆಕೆ ಕುದಿಸಿ ಆರಿಸಿದ ನೀರು ತರಿಸಿಕೊಂಡು ಬೆರಳ ಸಂದಿಯನ್ನೂ ಬಿಡದೆ ಉಜ್ಜತೊಡಗಿದಳು. ಹೆರಿಗೆ ವಾರ್ಡಿಗೆ ಹೋಗುವ ಮೊದಲು ಕೈ ತೊಳೆಯಿರಪ್ಪಾ ಎಂದು ಸೆಮ್ಮೆಲ್‌ವೈಸ್ ಎಂಬ ಡಾಕ್ಟರು ವಿಯೆನ್ನಾದಲ್ಲಿ ಹೇಳಿದ್ದು 1847ರಲ್ಲಿ. ಆಗಲೂ ಎಷ್ಟೋ ದೊಡ್ಡ ಡಾಕ್ಟರುಗಳು ಮೂಗು ಮುರಿದರು. ಈಯಮ್ಮನಿಗೆ ಮಾತ್ರ ಹುಟ್ಟುವಾಗಲೇ ಗೊತ್ತಿತ್ತು!

"ಕಥೆ ತಾನೇ, ಸುಮ್ನೆ ಓದಿ" ಎಂದಳು ಹೆಂಡತಿ. ಸುಮ್ನೆ ಓದುವುದು ಹೇಗೆ? ಈ ಜಾತಿಯ ಕಾದಂಬರಿ ನನಗೆ ಚಟ. ಚಟ ಇರುವವನಿಗೇ ಅಲ್ವಾ ಕಲಬೆರಕೆ ಗೊತ್ತಾಗುವುದು? ಇವುಗಳಲ್ಲಿ ಊರಿನ ಗಂಡಸರೆಲ್ಲ ಪೆದ್ದರು. ಪಾದ್ರಿ ಕಪಟಿ. ನಾಯಕಿಯೊಬ್ಬಳೇ ನಮ್ಮ ಕಾಲದವಳು, ತಪ್ಪಿ ಅಲ್ಲಿ ಹುಟ್ಟಿದ್ದಾಳೆ ಅಷ್ಟೇ. ಅವಳು ಮೂತ್ರದ ಸೀಸೆಯನ್ನು ಬೆಳಕಿಗೆ ಹಿಡಿದು ನೋಡುವುದೇ ಇಲ್ಲ. ಆ ಕಾಲದ ವೈದ್ಯರ ಗುರುತೇ ಅದು. ಉಬ್ಬಿದ ತಳದ ತೆಳು ಗಾಜಿನ ಸೀಸೆ, ಒಳಗಿನದು ತಳಕ್ಕೆ ಕೂರುವ ತನಕ ಕಾಯುವುದು, ಆಮೇಲೆ ಬಣ್ಣ ನೋಡಿ ರೋಗ ಹೇಳುವುದು. ಬಣ್ಣಗಳನ್ನು ಇಪ್ಪತ್ತು ಬಗೆಯಾಗಿ ಬಿಡಿಸಿ ಚಕ್ರದ ಹಾಗೆ ಚಿತ್ರ ಬರೆದಿಡುತ್ತಿದ್ದರು. ಅದನ್ನು ಬರೆದರೆ ಓದುಗರಿಗೆ ಅಸಹ್ಯ ಅಂತ ಲೇಖಕರ ಭಯ. ಹೆಣ ಕೊಯ್ಯುವ ಪುಟಗಳು ಮಾತ್ರ ಅಸಹ್ಯವಲ್ಲ!

ನಿಜವಾದ ಲೇಡಿ ಡಾಕ್ಟರುಗಳು ಇದ್ದರು ಎನ್ನುವುದೇ ನನ್ನ ಸಿಟ್ಟಿಗೆ ಕಾರಣ. ಇಟಲಿಯ ದಕ್ಷಿಣಕ್ಕೆ ಸಲೆರ್ನೊ ಎಂಬ ಊರು. ಹನ್ನೆರಡನೇ ಶತಮಾನದಲ್ಲಿ ಅಲ್ಲಿ ತ್ರೋತಾ ಎಂಬವಳಿದ್ದಳು. ಒಬ್ಬ ಹುಡುಗಿಗೆ ಹೊಟ್ಟೆ ಉಬ್ಬರ. ಒಳಗೇನೋ ಹರಿದಿದೆ, ಕೊಯ್ಯಬೇಕು ಎಂದು ಉಳಿದವರು ತೀರ್ಮಾನಿಸಿದ್ದರು. ತ್ರೋತಾ ನೋಡಿ ಬೆರಗಾದಳು. ಹುಡುಗಿಯನ್ನು ತನ್ನ ಮನೆಗೆ ಕರೆಸಿಕೊಂಡು, ಗುಟ್ಟಾಗಿ ವಿಚಾರಿಸಿ, ಇದು ಬರೀ ವಾಯು ಎಂದು ಕಂಡುಹಿಡಿದಳು. ಸೊಪ್ಪು ಹಾಕಿದ ನೀರಿನ ಸ್ನಾನ, ಕಾಡುಮೂಲಂಗಿ ರಸಕ್ಕೆ ಬಾರ್ಲಿ ಹಿಟ್ಟು ಕಲಸಿದ ಪಟ್ಟು. ಹುಡುಗಿ ಚಾಕುವಿನಿಂದ ತಪ್ಪಿಸಿಕೊಂಡಳು. ಇದಕ್ಕಿಂತ ಒಳ್ಳೆಯ ಪತ್ತೇದಾರಿಕೆ ಬೇಕಾ?

ಆದರೆ ನನಗೆ ಜಾಸ್ತಿ ಇಷ್ಟ ಪ್ಯಾರಿಸ್ಸಿನ ಜಾಕೋಬಾ ಫೆಲಿಸಿ. 1322ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ವೈದ್ಯ ಪಂಡಿತರು ಇವಳ ಮೇಲೆ ಕೇಸು ಹಾಕಿದರು. ಆರೋಪಪಟ್ಟಿ ಓದಿದರೆ ನಗು ಬರುತ್ತದೆ. ಇವಳು ರೋಗಿಗಳ ಮನೆಗೆ ಹೋಗುತ್ತಾಳೆ. ಮೂತ್ರ ನೋಡುತ್ತಾಳೆ. ನಾಡಿ ಹಿಡಿಯುತ್ತಾಳೆ. ಕೈಕಾಲು ಮುಟ್ಟಿ ನೋಡುತ್ತಾಳೆ. ಅಂದರೆ ಡಾಕ್ಟರು ಮಾಡಬೇಕಾದ್ದನ್ನೆಲ್ಲ ಮಾಡುತ್ತಾಳೆ! ಈಗ ಇಷ್ಟು ಮಾಡುವವರು ಸಿಕ್ಕರೆ ನಾನು ಕಾಲಿಗೆ ಬೀಳುತ್ತೇನೆ. ಹೋದ ತಿಂಗಳು ಮಂಡಿನೋವು ಅಂತ ಹೋದರೆ ಡಾಕ್ಟರು ನನ್ನ ಮಂಡಿಯನ್ನೂ ನೋಡಲಿಲ್ಲ, ಮುಖವನ್ನೂ ನೋಡಲಿಲ್ಲ. ಕಂಪ್ಯೂಟರ್ ನೋಡಿಕೊಂಡೇ ಸ್ಕ್ಯಾನಿಂಗ್ ಚೀಟಿ ಬರೆದರು. ಇರಲಿ.

ಜಾಕೋಬಾ ಪರವಾಗಿ ರೋಗಿಗಳೇ ಬಂದು ಸಾಕ್ಷಿ ಹೇಳಿದರು. ದೊಡ್ಡ ದೊಡ್ಡವರು ಕೈಬಿಟ್ಟಿದ್ದರು, ಇವಳು ವಾಸಿ ಮಾಡಿದಳು ಎಂದರು. ಗುಣವಾದ ಮೇಲೆ ಮಾತ್ರ ದುಡ್ಡು ತೆಗೆದುಕೊಂಡಳು ಎಂಬ ಮಾತೂ ಬಂತು. ಅವಳ ವಾದವೂ ಗಟ್ಟಿಯಾಗಿತ್ತು. ಲೈಸೆನ್ಸ್ ಇಲ್ಲದೆ ಮದ್ದು ಕೊಡಬಾರದೆಂಬ ಕಾನೂನು ಏನೂ ತಿಳಿಯದವರನ್ನು ತಡೆಯಲಿಕ್ಕೆ, ನನ್ನಂಥ ತಿಳಿದವಳನ್ನಲ್ಲ. ಗಂಡಸಿಗೆ ಕಾಯಿಲೆ ಹೇಳಿಕೊಳ್ಳಲಾರದೆ ಎಷ್ಟೋ ಹೆಂಗಸರು ಸತ್ತಿದ್ದಾರೆ, ಅವರನ್ನು ಹೆಂಗಸೇ ನೋಡುವುದು ಒಳ್ಳೆಯದು. ಎದುರಿನವರು ಏನೆಂದರು ಗೊತ್ತೇ? ಹೆಂಗಸಿಗೆ ಕೋರ್ಟಿನಲ್ಲಿ ವಕೀಲಿ ಮಾಡಲಿಕ್ಕೇ ಅನುಮತಿ ಇಲ್ಲ. ಕೇಸು ಸೋತರೆ ಆಸ್ತಿ ಹೋದೀತು, ಮದ್ದು ತಪ್ಪಿದರೆ ಜೀವವೇ ಹೋಗುತ್ತದಲ್ಲ ಎಂದರು. ವಾಸಿಯಾಗಿ ಎದುರು ನಿಂತ ರೋಗಿಗಳು ಲೆಕ್ಕಕ್ಕೇ ಬರಲಿಲ್ಲ. ಇನ್ನು ಮದ್ದು ಕೊಟ್ಟರೆ ಚರ್ಚಿನಿಂದ ಬಹಿಷ್ಕಾರ, ಜೊತೆಗೆ ದಂಡ ಎಂದು ತೀರ್ಪಾಯಿತು. ತಮಾಷೆ ಎಂದರೆ, ಅದರ ಹಿಂದಿನ ವರ್ಷ, 1321ರಲ್ಲಿ, ಸಲೆರ್ನೊದ ಫ್ರಾಂಚೆಸ್ಕಾ ಎಂಬ ಹೆಂಗಸಿಗೆ ಶಸ್ತ್ರಚಿಕಿತ್ಸೆ ಮಾಡಲು ಸರ್ಕಾರಿ ಲೈಸೆನ್ಸೇ ಸಿಕ್ಕಿತ್ತು.

ನಾನು ಹೇಳಹೊರಟಿದ್ದು ಕೊಲೆಯ ವಿಷಯ. ಹೆಣ ಎಲ್ಲೋ ದಾರಿಯಲ್ಲೇ ಉಳಿಯಿತು. ಇಂಗ್ಲೆಂಡಿನಲ್ಲಿ 1194ರಿಂದ ಅನುಮಾನದ ಸಾವುಗಳನ್ನು ವಿಚಾರಿಸಲು ಕೊರೋನರ್ ಎಂಬ ಅಧಿಕಾರಿ ಇರುತ್ತಿದ್ದ. ಕೊಂದವರು ಯಾರು ಎನ್ನುವುದರ ಜೊತೆಗೆ ರಾಜನ ಖಜಾನೆಗೆ ಏನು ಸಿಗುತ್ತದೆ ಎಂಬ ಲೆಕ್ಕವೂ ಅವನದೇ. ಕೊಂದ ಚೂರಿಗೂ ಬೆಲೆ ಕಟ್ಟುತ್ತಿದ್ದರು. ಸತ್ತವನು ಇಂಗ್ಲಿಷಿನವನೇ, ಫ್ರಾನ್ಸಿನಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರವನಲ್ಲ ಎಂದು ಸಾಬೀತು ಮಾಡದಿದ್ದರೆ ದಂಡ ಊರವರ ತಲೆಗೆ. 1340ರವರೆಗೂ ಇದು ನಡೆಯಿತು. ಹೆಣವನ್ನು ಮೊದಲು ಕಂಡವರಂತೂ ಕೂಗಿ ಊರು ಸೇರಿಸಬೇಕು, ಆಮೇಲೆ ವಿಚಾರಣೆಗೆ ಬರುತ್ತೇನೆ ಎಂದು ಜಾಮೀನುದಾರರನ್ನು ತೋರಿಸಬೇಕು.

ನಮ್ಮ ನಾಯಕಿ ಪ್ರತಿ ಮೂರನೇ ಅಧ್ಯಾಯಕ್ಕೊಂದು ಹೆಣ ಕಾಣುತ್ತಾಳೆ, ಅದೂ ಪರಊರಿನಲ್ಲಿ. ಅಷ್ಟು ಜಾಮೀನುದಾರರನ್ನು ಎಲ್ಲಿಂದ ತರುತ್ತಾಳೆ? ಯಾವ ಲೇಖಕರೂ ಹೇಳುವುದಿಲ್ಲ. ಕೈ ತೊಳೆಸುವುದಕ್ಕೆ ಮಾತ್ರ ಅರ್ಧ ಪುಟ.